ಬ್ರೇಕ್ ಫೇಡ್ ಬೇರೆ, ಬ್ರೇಕ್ ಫೇಲ್ ಬೇರೆ

ಭಾನುವಾರ ಮಧ್ಯಾಹ್ನ ಆಗುವಷ್ಟರಲ್ಲಿ ನಂದಿ ಬೆಟ್ಟದ ರೀಲ್‌ಗಳು ಸಾಲಾಗಿ ಬರುತ್ತವೆ. ಬೆಂಗಳೂರಿಂದ ಬಂದ ಸ್ಪೋರ್ಟ್ಸ್ ಕಾರು, ಟೈರ್ ಕಿರುಚುವ ತಿರುವು, ಕೆಳಗೊಂದು ಸಾಲು: 'ಬ್ರೇಕ್ ಫೇಡ್ ಆಗೋಯ್ತು ಗುರು'. ಮೊನ್ನೆ ನೋಡಿದ ಒಂದರಲ್ಲಿ ಬ್ರೇಕ್ ಪೈಪ್ ಒಡೆದು ಚಕ್ರದ ಒಳಗಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ಅದಕ್ಕೂ ಫೇಡ್ ಅಂತೆ. ಇನ್ನೊಂದರಲ್ಲಿ, ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯನ್ನು (ಡಿಸ್ಕ್) ಒತ್ತಿ ಹಿಡಿಯುವ ಪ್ಯಾಡ್ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಅದೂ ಫೇಡ್. ಮೊದಲು ಎಲ್ಲದಕ್ಕೂ 'ಬ್ರೇಕ್ ಫೇಲ್' ಅನ್ನುತ್ತಿದ್ದರು. ಈಗ ಎಲ್ಲದಕ್ಕೂ 'ಫೇಡ್'.

ಪೈಪ್ ಒಡೆಯುವುದು ಫೇಲ್. ಪ್ಯಾಡ್ ಮುಗಿಯುವುದು ನಿರ್ಲಕ್ಷ್ಯ. ಫೇಡ್ ಅಂದರೆ ಯಾವ ಭಾಗವೂ ಮುರಿಯದೆ, ಸೋರದೆ, ಬರೀ ಕಾವು ಏರಿದ್ದರಿಂದ ಹಿಡಿತ ಕಮ್ಮಿಯಾಗುವುದು. ಆರಿದ ಮೇಲೆ ಹಿಡಿತ ಬಹುಮಟ್ಟಿಗೆ ವಾಪಸ್ ಬರುತ್ತದೆ. ಆರಿದ ಮೇಲೂ ಬರಲಿಲ್ಲ ಅಂದರೆ ಅದು ರಿಪೇರಿಯ ವಿಷಯ.

ಕಾವು ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ನಂದಿಯದ್ದೇ ಲೆಕ್ಕ ಹಾಕೋಣ. ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1,478 ಮೀಟರ್. ಕೆಳಗಿನ ರಸ್ತೆಗೆ ಸುಮಾರು 500 ಮೀಟರ್ ಇಳಿಯಬೇಕು ಅಂದುಕೊಳ್ಳಿ. 1,500 ಕೆಜಿಯ ಕಾರು ಅಷ್ಟು ಇಳಿದರೆ 73 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಖರ್ಚಾಗಬೇಕು. ಅದೇ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಿದರೆ ಬ್ರೇಕ್‌ಗೆ ಬೀಳುವುದು 6 ಲಕ್ಷ ಜೂಲ್‌ಗೂ ಕಮ್ಮಿ. ಅಂದರೆ ಬೆಟ್ಟ ಇಳಿಯುವುದು ಹೈವೇಯಲ್ಲಿ ಹನ್ನೆರಡು ಸಲ ಗಕ್ಕನೆ ನಿಲ್ಲಿಸಿದ ಹಾಗೆ. ಗೇರ್ ಇಳಿಸಿ ಬಂದರೆ ಇದರಲ್ಲಿ ಒಳ್ಳೆಯ ಪಾಲನ್ನು ಎಂಜಿನ್ನೇ ಹೊರುತ್ತದೆ. ನ್ಯೂಟ್ರಲ್‌ಗೆ ಹಾಕಿ ಇಳಿದರೆ ಗಾಳಿ ತಡೆಯುವಷ್ಟು ಬಿಟ್ಟು ಮಿಕ್ಕಿದ್ದೆಲ್ಲ ನಾಲ್ಕು ಡಿಸ್ಕ್‌ಗಳ ತಲೆಗೆ. ಪೆಟ್ರೋಲ್ ಉಳಿಸುತ್ತೇನೆ ಅಂತ ಎಂಜಿನ್ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಎಂಜಿನ್ ನಿಂತರೆ, ಪೆಡಲ್ ಒತ್ತಲು ನೆರವಾಗುವ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗಲ್ಲ, ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ದಯವಿಟ್ಟು ಅದನ್ನೂ ಫೇಡ್ ಅನ್ನಬೇಡಿ.

ಇನ್ನು ಅಸಲು ಗೊಂದಲಕ್ಕೆ ಬರೋಣ. ಫೇಡ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಯಾವುದು ಅಂತ ಹೇಳುವುದು ನಿಮ್ಮ ಕಾಲು.

ಪೆಡಲ್ ಎಂದಿನಂತೆ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದರೂ ಕಾರು ಮಾತ್ರ ಜಾರುತ್ತಲೇ ಇದೆ, ಮೂಗಿಗೆ ಸುಟ್ಟ ವಾಸನೆ. ಇದು ಪ್ಯಾಡ್ ಫೇಡ್. ಪ್ಯಾಡಿನ ಮಸಾಲೆ ತನ್ನ ಮಿತಿಗಿಂತ ಜಾಸ್ತಿ ಕಾದಿದೆ. ಪ್ಯಾಡನ್ನು ಹಿಡಿದಿಡುವ ರೆಸಿನ್ ಕಾದು ಗ್ಯಾಸ್ ಬಿಡುತ್ತದೆ, ಆ ಗ್ಯಾಸ್ ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿಕೊಳ್ಳುತ್ತದೆ. ಹೊಸ ಪ್ಯಾಡಲ್ಲಿ ಇದು ಇನ್ನೂ ಬೇಗ. ಅದಕ್ಕೇ ಹೊಸ ಪ್ಯಾಡ್ ಹಾಕಿಸಿದ ಮರುದಿನವೇ ಬೆಟ್ಟಕ್ಕೆ ಬಂದವರ ಗೋಳು ಜಾಸ್ತಿ.

ಪೆಡಲ್ ಮೆತ್ತಗಾಗಿ ನೆಲದ ತನಕ ಹೋಗುತ್ತಿದೆ, ಪಟಪಟ ಪಂಪ್ ಮಾಡಿದರೆ ಸ್ವಲ್ಪ ಮೇಲೆ ಬರುತ್ತದೆ ಅಂದರೆ ಅದು ಆಯಿಲ್‌ನ ಫೇಡ್. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗೆ ಆಯಿಲ್ ಕುದಿದು ಆವಿಯಾಗಿದೆ. ದ್ರವವನ್ನು ಒತ್ತಿದರೆ ಅದು ಪಿಸ್ಟನ್ ತಳ್ಳುತ್ತದೆ. ಆವಿಯನ್ನು ಒತ್ತಿದರೆ ಸುಮ್ನೆ ಕುಗ್ಗುತ್ತದೆ. ಎರಡರಲ್ಲಿ ಜಾಸ್ತಿ ಅಪಾಯ ಇದೇ, ಯಾಕೆಂದರೆ ಇದ್ದಕ್ಕಿದ್ದಂತೆ ಬರುತ್ತದೆ.

ಬ್ರೇಕ್ ಆಯಿಲ್ ನಿಜಕ್ಕೂ ಎಣ್ಣೆಯಲ್ಲ. ಅದರ ದರ್ಜೆಗಳಲ್ಲಿ ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಜಾತಿಯವು, ಗಾಳಿಯ ತೇವ ಹೀರುತ್ತವೆ. ಹೊಸದರಲ್ಲಿ ಕುದಿಯುವ ಮಟ್ಟ ಕ್ರಮವಾಗಿ ಕನಿಷ್ಠ 205, 230, 260 ಡಿಗ್ರಿ ಸೆಲ್ಸಿಯಸ್ ಇರಬೇಕು. ಶೇ. 3.7ರಷ್ಟು ನೀರು ಸೇರಿದಾಗ ಇರಬೇಕಾದ ಕನಿಷ್ಠ ಮಟ್ಟ 140, 155, 180. ನೋಡಿದಿರಾ? ನೀರು ಹೀರಿದ ಡಾಟ್ 4ಕ್ಕಿಂತ ಹೊಸ ಡಾಟ್ 3 ವಾಸಿ. ಲಕ್ಷಾಂತರ ಕೊಟ್ಟು ಕೆಂಪು ಕ್ಯಾಲಿಪರ್ ಹಾಕಿಸಿ, ಒಳಗೆ ನಾಲ್ಕು ವರ್ಷದ ಹಳೇ ಆಯಿಲ್ ಬಿಟ್ಟುಕೊಂಡವರಿಗೆ ಏನು ಹೇಳೋಣ? ಬಣ್ಣ ನೋಡಿ 'ಇನ್ನೂ ಚೆನ್ನಾಗಿದೆ' ಅನ್ನುವುದೂ ಬೇಡ, ನೀರು ಕಣ್ಣಿಗೆ ಕಾಣಲ್ಲ. ಹೋದ ವರ್ಷ ಅರ್ಧ ಉಳಿಸಿ ಅಟ್ಟದಲ್ಲಿಟ್ಟ ಬಾಟಲಿಯನ್ನು ಮರೆತುಬಿಡಿ. ಅಂದ ಹಾಗೆ ಡಾಟ್ 5 ಸಿಲಿಕೋನ್, ಡಾಟ್ 5.1 ಗ್ಲೈಕಾಲ್. ಎರಡನ್ನೂ ಬೆರೆಸುವಂತಿಲ್ಲ.

ಡ್ರಮ್ ಬ್ರೇಕ್‌ನದ್ದು ಇನ್ನೊಂದು ಕಥೆ. ಅಲ್ಲಿ ಲೈನಿಂಗ್ ಒಳಗಿಂದ ಡ್ರಮ್ಮನ್ನು ಒತ್ತುತ್ತದೆ. ಡ್ರಮ್ ಕಾದು ಹಿಗ್ಗಿದರೆ ಲೈನಿಂಗ್‌ನಿಂದ ದೂರ ಹೋಗುತ್ತದೆ, ಡಿಸ್ಕ್ ಹಿಗ್ಗಿದರೆ ಪ್ಯಾಡ್ ಕಡೆಗೇ ಬರುತ್ತದೆ. ಜೊತೆಗೆ ಡಿಸ್ಕ್‌ಗೆ ಗಾಳಿ ಚೆನ್ನಾಗಿ ತಾಗುತ್ತದೆ. 1953ರ ಲೆ ಮಾನ್ಸ್ ರೇಸನ್ನು ಡಿಸ್ಕ್ ಬ್ರೇಕ್‌ನ ಜಾಗ್ವಾರ್ ಸಿ-ಟೈಪ್ ಗೆದ್ದಾಗ ಈ ಗುಣ ಎಲ್ಲರ ಕಣ್ಣಿಗೆ ಬಿತ್ತು.

ಇಷ್ಟು ಗೊತ್ತಾದರೆ ಅಪ್‌ಗ್ರೇಡ್ ಮಾತು ತಾನಾಗೇ ಸರಿಹೋಗುತ್ತದೆ. 'ದೊಡ್ಡ ಡಿಸ್ಕ್ ಹಾಕಿದೆ, ಈಗ ಅರ್ಧ ದೂರಕ್ಕೇ ನಿಲ್ಲುತ್ತೆ' ಅನ್ನುವವರು ಒಂದು ಪರೀಕ್ಷೆ ಮಾಡಲಿ. ಹಳೇ ಬ್ರೇಕ್‌ನಲ್ಲಿ ಜೋರಾಗಿ ಒತ್ತಿದಾಗ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಟಕಟ ಅಂತ ಕಾಲಿಗೆ ಒದೆಯುತ್ತಿತ್ತಾ? ಹಾಗಾದರೆ ಚಕ್ರ ಲಾಕ್ ಮಾಡುವಷ್ಟು ಶಕ್ತಿ ಮೊದಲೇ ಇತ್ತು. ಅಲ್ಲಿಂದ ಮುಂದೆ ನಿಲ್ಲಿಸುವುದು ಟೈರ್. ದೊಡ್ಡ ಡಿಸ್ಕ್ ಕೊಡುವುದು ಕಾವು ಹಿಡಿಯುವ ಜಾಗ. ಮೊದಲನೇ ಬ್ರೇಕ್ ಅಲ್ಲ, ಹತ್ತನೆಯದು ಸುಧಾರಿಸುತ್ತದೆ. ಮುಂದೆ ಮಾತ್ರ ದೊಡ್ಡದು ಹಾಕಿ ಹಿಂದೆ ಹಳೆಯದೇ ಬಿಟ್ಟರೆ ಹಿಂದೆ ಮುಂದೆ ಹೊಂದಾಣಿಕೆ ತಪ್ಪಿ ಕಾರು ಇನ್ನೂ ದೂರ ಹೋಗಿ ನಿಂತರೂ ನಿಂತೀತು. ತೂತು ಕೊರೆದ ಡಿಸ್ಕ್ ನೋಡೋಕೆ ಚೆನ್ನ. ಜಾಸ್ತಿ ಕಾಯಿಸಿದರೆ ಆ ತೂತುಗಳ ಅಂಚಿನಿಂದಲೇ ಬಿರುಕು ಬಿಡುತ್ತದೆ. ರೇಸ್ ಪ್ಯಾಡ್ ಅಂತೂ ಬೇಡವೇ ಬೇಡ. ಅದು ಕಾಯದೆ ಕಚ್ಚಲ್ಲ, ಬೆಳಗಿನ ಚಳಿಯಲ್ಲಿ ಮೊದಲ ತಿರುವಿಗೇ ಕೈಕೊಡುತ್ತದೆ.

ಮನೆ ಮುಂದೆ ನೀವೇ ಮಾಡುವುದಾದರೆ ಆಯಿಲ್ ಮತ್ತು ರಸ್ತೆಗೆಂದೇ ಮಾಡಿದ ಒಳ್ಳೆ ಪ್ಯಾಡ್, ಇವೆರಡರಿಂದ ಶುರು ಮಾಡಿ. ಇಬ್ಬರು ಬೇಕು. ಜ್ಯಾಕ್ ನಂಬಬೇಡಿ, ಕೆಳಗೆ ಸ್ಟ್ಯಾಂಡ್ ಇಡಿ. ಆಯಿಲ್ ಬದಲಾಯಿಸುವುದು ಅಂದರೆ ಇಲ್ಲಿ ಚಿಕ್ಕಬಳ್ಳಾಪುರದ ಗ್ಯಾರೇಜುಗಳಲ್ಲಿ 'ಏರ್ ತೆಗೆಯೋದು' ಅನ್ನುವ ಕೆಲಸವೇ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕ್ಯಾಲಿಪರ್‌ನ ನಿಪ್ಪಲ್ (ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ) ಕಾಲು ಸುತ್ತು ಬಿಚ್ಚಬೇಕು. ಸಿಕ್ಕಿಸಿದ ಪಾರದರ್ಶಕ ಪೈಪಲ್ಲಿ ಕಂದು ಆಯಿಲ್, ನಡುನಡುವೆ ಗುಳ್ಳೆ ಬರುತ್ತವೆ. ನಿಪ್ಪಲ್ ಮುಚ್ಚಿದ ಮೇಲೇ 'ಬಿಡು' ಅನ್ನಬೇಕು. ಮೊದಲೇ ಬಿಟ್ಟರೆ ಗಾಳಿ ವಾಪಸ್ ಒಳಗೆ. ಮೇಲಿನ ಡಬ್ಬಿ ಖಾಲಿಯಾಗಲು ಬಿಟ್ಟರೆ ಮೊದಲಿಂದ ಶುರು. ಪೇಂಟ್ ಮೇಲೆ ಆಯಿಲ್ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಏಳುತ್ತದೆ. ಯಾವ ಚಕ್ರ ಮೊದಲು ಅನ್ನುವುದನ್ನು ಕಾರಿನ ಮ್ಯಾನ್ಯುಯಲ್ ನೋಡಿಯೇ ಮಾಡಿ. ಎಬಿಎಸ್ ಯೂನಿಟ್ ಒಳಗೆ ಗಾಳಿ ಹೋದರೆ ಕೆಲವು ಕಾರುಗಳಿಗೆ ಸ್ಕ್ಯಾನರ್ ಬೇಕು, ಅದು ಮನೆಯ ಕೆಲಸವಲ್ಲ.

ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ಸ್ವಲ್ಪ ವೇಗದಿಂದ ನಿಧಾನಕ್ಕೆ, ಪೂರ್ತಿ ನಿಲ್ಲಿಸದೆ, ಹಲವು ಸಲ ಬ್ರೇಕ್ ಹಾಕಿ ಬೆಡ್ ಮಾಡಬೇಕು, ಅಂದರೆ ಪ್ಯಾಡನ್ನು ಡಿಸ್ಕಿಗೆ ಹೊಂದಿಸಬೇಕು. ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ಆರಿಸಬೇಕು.

ಬೆಟ್ಟ ಇಳಿದು ಫೇಡ್ ಆಗಿದ್ದರೂ ಹಾಗೇ. ಎಳನೀರು ಅಂಗಡಿ ಮುಂದೆ ನಿಲ್ಲಿಸಿ ಕಾದ ಡಿಸ್ಕ್ ಮೇಲೆ ಬಾಟಲಿ ನೀರು ಸುರಿಯುವವರನ್ನು ಈಗಲೂ ನೋಡಬಹುದು. ಎರಕದ ಕಬ್ಬಿಣ ಅದು, ಬಿರುಕು ಬಿಡಬಹುದು. ಬ್ರೇಕ್ ಇನ್ನೂ ಸ್ವಲ್ಪವಾದರೂ ಹಿಡಿಯುತ್ತಿದ್ದರೆ ಸಮತಟ್ಟು ರಸ್ತೆಯಲ್ಲಿ ಕೆಳಗಿನ ಗೇರಲ್ಲಿ ಒಂದೆರಡು ಕಿಲೋಮೀಟರ್ ಮೆಲ್ಲಗೆ ಹೋಗಿ, ಗಾಳಿಯೇ ಆರಿಸುತ್ತದೆ. ಪೆಡಲ್ ನೆಲ ಮುಟ್ಟಿತ್ತು ಅಂದರೆ ಗಾಡಿ ಪಕ್ಕಕ್ಕೆ ಹಾಕಿ ಪೂರ್ತಿ ಆರಲು ಬಿಡಿ, ಮನೆಗೆ ಬಂದ ಮೇಲೆ ಆಯಿಲ್ ಬದಲಾಯಿಸಿ. ಒಮ್ಮೆ ಕುದ್ದಿದ್ದನ್ನು ಇಟ್ಟುಕೊಳ್ಳುವ ಹಾಗಿಲ್ಲ.