ದವಡೆ ಆಪರೇಷನ್‌ಗೆ ಮುಂಚೆ ಜುಮ್ಮೆನ್ನುವ ಹಲ್ಲನ್ನು ವಿಚಾರಿಸಿಕೊಳ್ಳಿ

ಕೆಳದವಡೆ ತೀರಾ ಮುಂದೆ ಚಾಚಿದ್ದರೆ, ಗದ್ದ ಒಳಸರಿದಿದ್ದರೆ ಅಥವಾ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದೇ ಇದ್ದರೆ, ಎಷ್ಟೋ ಸಲ ಬರೀ ಕ್ಲಿಪ್ ಹಾಕಿಸಿದರೆ ಸಾಲದು. ದವಡೆಯ ಮೂಳೆಯನ್ನೇ ಕತ್ತರಿಸಿ ಸರಿಯಾದ ಜಾಗದಲ್ಲಿ ಕೂರಿಸಬೇಕಾಗುತ್ತದೆ. ಆಪರೇಷನ್ ಎಂದೊಡನೆ ಮನೆಯವರಿಗೆ ಅರಿವಳಿಕೆಯದ್ದೇ ಭಯ, ಖರ್ಚಿನದ್ದೇ ಚಿಂತೆ. ತಣ್ಣೀರು ಕುಡಿದರೆ ಜುಮ್ಮೆನ್ನುವ ಹಲ್ಲಿನ ಬಗ್ಗೆ ಯಾರೂ ಕೇಳುವುದಿಲ್ಲ. ತಯಾರಿ ಶುರುವಾಗಬೇಕಾದದ್ದೇ ಅಲ್ಲಿಂದ ಎಂದು ನನಗೆ ಅನಿಸುತ್ತದೆ.

ಹಲ್ಲಿನ ಹೊರಕವಚವಾದ ಎನಾಮೆಲ್‌ಗೆ ನೋವು ಗೊತ್ತಾಗುವುದಿಲ್ಲ. ಅದರ ಕೆಳಗಿನ ಡೆಂಟಿನ್ ಎಂಬ ಪದರದ ತುಂಬ ಒಂದೆರಡು ಮೈಕ್ರೊಮೀಟರ್ ಅಗಲದ ಕೊಳವೆಗಳಿವೆ. ಒಂದು ಚದರ ಮಿಲಿಮೀಟರ್ ಜಾಗದಲ್ಲೇ ಸಾವಿರಾರು. ಅವುಗಳಲ್ಲಿ ದ್ರವವಿದೆ, ಒಳತುದಿಯಲ್ಲಿ ನರಗಳಿವೆ. ಎನಾಮೆಲ್ ಸವೆದೋ ಒಸಡು ಕೆಳಗಿಳಿದೋ ಕೊಳವೆಗಳ ಬಾಯಿ ತೆರೆದುಕೊಂಡಾಗ, ತಣ್ಣನೆಯದು ತಾಗಿದೊಡನೆ ದ್ರವ ಸರ್ರನೆ ಹರಿದು ನರವನ್ನು ಕೆಣಕುತ್ತದೆ. ಸ್ವೀಡನ್ನಿನ ದಂತ ಸಂಶೋಧಕ ಮಾರ್ಟಿನ್ ಬ್ರಾನ್‌ಸ್ಟ್ರಾಮ್ 1960ರ ದಶಕದಲ್ಲಿ ಪ್ರಯೋಗಗಳ ಮೂಲಕ ಈ ವಿವರಣೆಗೆ ಬಲ ಕೊಟ್ಟರು. ಹಲ್ಲಿನೊಳಗಿನ ಕೋಶಗಳಲ್ಲಿರುವ ಟಿಆರ್‌ಪಿಸಿ5 ಎಂಬ ಪ್ರೋಟೀನ್ ಕೂಡ ಚಳಿಯನ್ನು ಗುರುತಿಸುತ್ತದೆಂದು 2021ರಲ್ಲಿ ಗೊತ್ತಾಯಿತು. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ಅದನ್ನು ತಡೆಯಬಲ್ಲದು. ಅಜ್ಜಿಯರ ಮದ್ದಿಗೆ ಹೀಗೊಂದು ಕಾರಣ ಸಿಕ್ಕಿದ್ದು ನನಗಂತೂ ಖುಷಿಯ ಸಂಗತಿ. ಆದರೆ ಆ ಎಣ್ಣೆಯನ್ನು ಹಾಗೇ ಸುರಿದುಕೊಂಡರೆ ಒಸಡು ಸುಡುತ್ತದೆ.

ಕನ್ನಡಿ ಮುಂದೆ ನಿಂತು ತುಟಿ ಎತ್ತಿ ನೋಡಿ. ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲಿನ ಬುಡದಲ್ಲಿ, ಒಸಡಿಗೆ ತಾಗಿದಂತೆ, ಉಗುರು ಸಿಕ್ಕಿಕೊಳ್ಳುವಂಥ ಗೀರು ಇದೆಯೇ? ಗಟ್ಟಿ ಬ್ರಷ್ಷಿನಲ್ಲಿ ಅಡ್ಡಡ್ಡ ಉಜ್ಜುವವರಲ್ಲಿ ಇದು ಸಾಮಾನ್ಯ. ಮೆತ್ತನೆಯ ಬ್ರಷ್ ಹಿಡಿಯಿರಿ, ಹುಳಿ ತಿಂದ ಮೇಲೆ ಅರ್ಧ ಗಂಟೆ ಹಲ್ಲುಜ್ಜಬೇಡಿ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ನರವನ್ನು ಶಾಂತಗೊಳಿಸುತ್ತದೆ, ಸ್ಟ್ಯಾನಸ್ ಫ್ಲೋರೈಡ್ ಇರುವುದು ಕೊಳವೆಗಳ ಬಾಯಿ ಮುಚ್ಚುತ್ತದೆ. ಎರಡು ಹೊತ್ತೂ ಬಳಸಿದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನಕ್ಕೇ ಕೈಬಿಡಬೇಡಿ. ನೋವು ನಿಮಿಷಗಟ್ಟಲೆ ಉಳಿದರೆ, ರಾತ್ರಿ ನಿದ್ದೆಗೆಡಿಸಿದರೆ ಮಾತ್ರ ಪೇಸ್ಟ್ ನಂಬಿ ಕೂರಬಾರದು. ಅದು ಒಳಗೆ ಹುಳುಕು ಇಳಿದಿರುವ ಸೂಚನೆ ಇರಬಹುದು.

ದವಡೆ ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷ ಕ್ಲಿಪ್ ಇರುತ್ತದೆ. ದವಡೆಯ ಕೊರತೆ ತುಂಬಿಕೊಳ್ಳಲು ವಾಲಿದ್ದ ಹಲ್ಲುಗಳನ್ನು ಮೊದಲು ನೆಟ್ಟಗೆ ಮಾಡುವುದರಿಂದ ಕಚ್ಚುವಿಕೆ ಮೊದಲಿಗಿಂತ ಕೆಟ್ಟಂತೆ ಕಾಣುತ್ತದೆ. ಗಾಬರಿ ಬೇಡ, ಅದು ಯೋಜನೆಯ ಭಾಗವೇ. ಹುಳುಕು ತುಂಬಿಸುವುದು, ಪಾಚಿ ತೆಗೆಸುವುದು ಎಲ್ಲ ಈ ಅವಧಿಯಲ್ಲೇ ಮುಗಿಯಬೇಕು. ಬೀಡಿ ಸಿಗರೇಟು ಇದ್ದರೆ ವಾರಗಳ ಮೊದಲೇ ನಿಲ್ಲಬೇಕು.

ಏಕೆಂದರೆ ಆಮೇಲೆ ಅವಕಾಶ ಸಿಗುವುದಿಲ್ಲ. 1957ರಲ್ಲಿ ಟ್ರೌನರ್ ಮತ್ತು ಓಬ್ವೆಗೆಸರ್ ಎಂಬ ಶಸ್ತ್ರವೈದ್ಯರು ವಿವರಿಸಿದ ವಿಧಾನವೇ, ಸುಧಾರಣೆಗಳೊಂದಿಗೆ, ಇಂದಿಗೂ ಕೆಳದವಡೆಗೆ ಹೆಚ್ಚು ಬಳಕೆಯಲ್ಲಿದೆ. ಮೂಳೆಯನ್ನು ಉದ್ದಕ್ಕೆ ಸೀಳಿ, ಸರಿಸಿ, ಟೈಟಾನಿಯಂ ಪಟ್ಟಿ ಮತ್ತು ತಿರುಪುಗಳಿಂದ ಬಿಗಿಯುತ್ತಾರೆ. ಮೊದಲ ದಿನಗಳಲ್ಲಿ ಬಾಯಿ ಸರಿಯಾಗಿ ತೆರೆಯುವುದಿಲ್ಲ, ಬ್ರಷ್ ಒಳಗೆ ಹೋಗುವುದಿಲ್ಲ, ಊಟವೆಲ್ಲ ದ್ರವವೇ. ಪಾಪ ಎಂದು ಮನೆಯವರು ಹಣ್ಣಿನ ರಸ, ಸಕ್ಕರೆ ಹಾಲನ್ನು ಗುಟುಕು ಗುಟುಕಾಗಿ ದಿನವಿಡೀ ಕೊಡುತ್ತಾರೆ. ಬಾಯಿಯ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ, ಮೊದಲೇ ಜುಮ್ಮೆನ್ನುತ್ತಿದ್ದ ಹಲ್ಲಿನ ಗತಿ ಹೇಳುವುದೇ ಬೇಡ. ಬೆಚ್ಚಗಿನ ರಾಗಿ ಅಂಬಲಿ, ಸೋಸಿದ ಬೇಳೆಕಟ್ಟು, ಸಕ್ಕರೆಯಿಲ್ಲದ ಹಾಲು ಹೊತ್ತುಹೊತ್ತಿಗೆ ಕೊಡಿ. ಪ್ರತಿ ಸಲವೂ ನೀರು ಮುಕ್ಕಳಿಸಲಿ. ವೈದ್ಯರು ಒಪ್ಪಿದ ಮೇಲೆ ಮಕ್ಕಳ ಪುಟ್ಟ ಬ್ರಷ್ ಬಳಸಬಹುದು.

ಕೆಳತುಟಿ, ಗದ್ದಗಳ ಸ್ಪರ್ಶಜ್ಞಾನ ಹೊತ್ತ ನರ ಕೆಳದವಡೆಯ ಮೂಳೆಯೊಳಗೇ, ಸೀಳುವ ಜಾಗದ ಪಕ್ಕದಲ್ಲೇ ಹಾದುಹೋಗುತ್ತದೆ. ಹಾಗಾಗಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜೋಮು ಇರುತ್ತದೆ. ಕೆಲವರಲ್ಲಿ ಸ್ವಲ್ಪ ಶಾಶ್ವತವಾಗಿ ಉಳಿಯುವುದೂ ಉಂಟು. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಮೇಲ್ದವಡೆಯ ಆಪರೇಷನ್ ಆದವರಲ್ಲಿ ಹಲ್ಲುಗಳು ತಿಂಗಳುಗಟ್ಟಲೆ ಚಳಿಗೆ ಪ್ರತಿಕ್ರಿಯಿಸದೇ ಇರಬಹುದು. ರಕ್ತ ಹರಿಯುತ್ತಿದ್ದರೆ ಅವು ಜೀವಂತವೇ. ಚಳಿ ಗೊತ್ತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ರೂಟ್ ಕೆನಾಲ್‌ಗೆ ಅವಸರಪಡಬಾರದು. ಸ್ಪರ್ಶ ಮರಳುವವರೆಗೆ ಕಾಫಿಯ ಬಿಸಿಯನ್ನು ತುಟಿಯಿಂದಲ್ಲ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿಕೊಳ್ಳಿ.