ನೀರಡಿಕೆಯೇ ಆಗದ ವಯಸ್ಸು: ಮುಪ್ಪಿನ ಬಗ್ಗೆ ಟಿಪ್ಪಣಿ

ಮುಪ್ಪಿನ ಪಾಠ ಶುರುವಾಗುವುದೇ ಅಮೆರಿಕದ ಜೀವವಿಜ್ಞಾನಿ ಲಿಯೊನಾರ್ಡ್ ಹೇಫ್ಲಿಕ್ ಅವರಿಂದ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಜೀವಕೋಶಗಳು ಸುಮಾರು 40ರಿಂದ 60 ಸಲ ವಿಭಜನೆಯಾಗಿ ನಿಂತುಬಿಡುತ್ತವೆ ಎಂದು 1961ರಲ್ಲಿ ಅವರು ತೋರಿಸಿದರು. ಕಾರಣ ಆಮೇಲೆ ತಿಳಿಯಿತು. ಜೀವಕೋಶದಲ್ಲಿ ಡಿಎನ್‌ಎ ಹೊತ್ತಿರುವ ಎಳೆ, ಅಂದರೆ ವರ್ಣತಂತುವಿನ ತುದಿಯಲ್ಲಿರುವ ರಕ್ಷಣೆಯ ಭಾಗವಾದ ಟೆಲೊಮಿಯರ್ ಪ್ರತಿ ವಿಭಜನೆಯಲ್ಲೂ ಸ್ವಲ್ಪ ಸವೆಯುತ್ತದೆ. ಟೆಲೊಮಿಯರ್ ಕುರಿತ ಸಂಶೋಧನೆಗೆ 2009ರಲ್ಲಿ ನೊಬೆಲ್ ಬಂತು. ಆದರೆ ಮುಪ್ಪಿಗೆ ಟೆಲೊಮಿಯರ್ ಸವೆತವೊಂದೇ ಕಾರಣ ಎಂದುಕೊಳ್ಳಬೇಡಿ. ಡಿಎನ್‌ಎಗೆ ಆಗುವ ಹಾನಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಸೊರಗುವುದು, ವಿಭಜನೆ ನಿಲ್ಲಿಸಿದ ಕೋಶಗಳು ಸುತ್ತ ಉರಿಯೂತ ಹಬ್ಬಿಸುವುದು, ಎಲ್ಲವೂ ಸೇರುತ್ತವೆ.

ರಾಯಚೂರು ಕಡೆಯ ನಾವು ಜಾಸ್ತಿ ಗಮನ ಕೊಡಬೇಕಾದದ್ದು ಬೇರೆ ಇದೆ. ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಟ್ಟೆ ಮೇಲೆ ಕೂತ ಅಜ್ಜಿಗೆ ಚೊಂಬು ಕೊಟ್ಟರೆ, "ಒಲ್ಲೆ ಬಿಡವ್ವಾ, ನೀರಡಿಕಿ ಆಗಿಲ್ಲ" ಅಂತಾರೆ. ಅವರು ಹೇಳುವುದು ನಿಜ. ವಯಸ್ಸಾದಂತೆ ಮಿದುಳಿಗೆ ನೀರಡಿಕೆಯ ಸುಳಿವು ಸರಿಯಾಗಿ ಸಿಗುವುದಿಲ್ಲ. ಮೂತ್ರಪಿಂಡಕ್ಕೆ ನೀರನ್ನು ಹಿಡಿದಿಡುವ ಶಕ್ತಿ ಕುಗ್ಗುತ್ತದೆ. ಬೆವರೂ ಕಡಿಮೆ, ಹಾಗಾಗಿ ಮೈ ತಣಿಯುವುದಿಲ್ಲ. ನೀರಿನ ದಾಸ್ತಾನು ಇರುವುದು ಮುಖ್ಯವಾಗಿ ಸ್ನಾಯುಗಳಲ್ಲಿ, ಅವೂ ಕರಗಿರುತ್ತವೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗಂತೂ ಅಪಾಯ ಇನ್ನೂ ಹೆಚ್ಚು.

ನೀರು ಕಡಿಮೆಯಾದರೆ ಎದ್ದು ನಿಂತಾಗ ತಲೆ ತಿರುಗುತ್ತದೆ, ಬಿದ್ದುಬಿಡುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುವುದರಿಂದ ಸೊಂಟದ ಮೂಳೆ ಮುರಿಯುವುದೂ ಸುಲಭ. ಒಮ್ಮೊಮ್ಮೆ ಮೊದಲ ಲಕ್ಷಣವೇ ತಬ್ಬಿಬ್ಬಾಗಿ ಮಾತಾಡುವುದು. "ವಯಸ್ಸಾಯ್ತು, ಅರಳುಮರಳು" ಅಂತ ಸುಮ್ನೆ ಬಿಟ್ಟುಬಿಡುತ್ತೇವೆ, ಅಲ್ವಾ? ನನಗೆ ತುಂಬ ನೋವು ಕೊಡುವ ಮಾತಿದು.

ಮುಪ್ಪಿನ ಸಾಮಾಜಿಕ ಮುಖ ಇಲ್ಲೇ ಕೂಡಿಕೊಳ್ಳುತ್ತದೆ. 2011ರ ಜನಗಣತಿಯಲ್ಲಿ ದೇಶದ ಶೇ. 8.6ರಷ್ಟು ಜನ 60 ದಾಟಿದವರು. ನಮ್ಮ ಹಳ್ಳಿಗಳಿಂದ ದುಡಿಯುವ ವಯಸ್ಸಿನವರು ಬೆಂಗಳೂರು, ಪುಣೆಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ, ಮೊಮ್ಮಕ್ಕಳು. ಮಕ್ಕಳ ಹೊಟ್ಟೆ ನೋಡುವ ಅಜ್ಜಿಗೆ ನೀರು ಕುಡಿ ಅನ್ನುವವರೇ ಇಲ್ಲ. ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಹೊಣೆ ಎಂದು 2007ರ ಕಾಯ್ದೆ ಹೇಳುತ್ತದೆ. ಆದರೆ ಕೂಲಿಗಾಗಿ ಊರು ಬಿಟ್ಟವರನ್ನು ದೂರಿ ಏನು ಫಲ? ಊರಲ್ಲೇ ಕೆಲಸ ಸಿಗಬೇಕು. ಹಿರಿಯರ ಸಹಾಯವಾಣಿ 14567 ಸಂಖ್ಯೆಯನ್ನು ಅಜ್ಜ, ಅಜ್ಜಿಯ ಫೋನಿನಲ್ಲಿ ಹಾಕಿಕೊಡಿ.

ಪಕ್ಕದ ಮನೆಯವರಾದರೂ ಹೊತ್ತು ಹೊತ್ತಿಗೆ ನೀರು, ಮಜ್ಜಿಗೆ, ಅಂಬಲಿ ಕೊಡಬಹುದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು ಎಷ್ಟು ಕುಡಿಯಬೇಕು ಎಂದು ಮಾತ್ರ ಡಾಕ್ಟರನ್ನು ಕೇಳಿ.