ಮೋರಿ ಕಲ್ಲು ಎರಡನೇ ಸುತ್ತಿಗೆ ಏಳುತ್ತೆ

ಚಿಕ್ಕಮಗಳೂರಿನ ಹತ್ತಿರ ಒಂದು ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ರೆಕ್ಕಿ ಮಾಡುತ್ತಿದ್ದೆವು. ರ‍್ಯಾಲಿಗೆ ಮುಂಚೆ ಸ್ಟೇಜಿನಲ್ಲಿ, ಅಂದರೆ ಸಮಯ ಲೆಕ್ಕಹಾಕಿ ಓಡಿಸುವ ರಸ್ತೆಯ ತುಂಡಿನಲ್ಲಿ, ನಿಧಾನವಾಗಿ ಹೋಗಿ, ತಿರುವು ತಿರುವಿಗೂ ಪೇಸ್ ನೋಟ್ಸ್ ಬರೆದುಕೊಳ್ಳುವ ಕೆಲಸ ಅದು; ಸಾಮಾನ್ಯವಾಗಿ ಎರಡೇ ಸಲ ಅವಕಾಶ. ಸ್ಟೀರಿಂಗ್ ಹಿಡಿದ ಹುಡುಗನಿಗೆ ಎರಡನೇ ಸೀಸನ್. ಒಂದು ಬಲ ತಿರುವು ಬಂತು. "ರೈಟ್ ಫೈವ್, ಕಟ್" ಅಂದ. ನಾವು ಬಳಸುವ ಲೆಕ್ಕದಲ್ಲಿ 1 ಅಂದರೆ ತೀರಾ ಕಡಿದಾದ ತಿರುವು, 6 ಅಂದರೆ ಹೆಚ್ಚುಕಡಿಮೆ ಆಕ್ಸಿಲರೇಟರಿನಿಂದ ಕಾಲೆತ್ತದೆ ಹೋಗುವಂಥದ್ದು. ಕಟ್ ಅಂದರೆ ತಿರುವಿನ ಒಳಅಂಚಿಗೆ ಚಕ್ರ ಇಳಿಸಿ ಅಡ್ಡ ಹಾಯುವುದು.

ಅದೇ ತಿರುವನ್ನು ಕೆಲವು ವರ್ಷ ಹಿಂದೆ ಒಬ್ಬ ಹಳೆಯ ಡ್ರೈವರ್ ಜೊತೆ ಬರೆದಿದ್ದೆ. ಅವರು ಕಾರು ನಿಲ್ಲಿಸಿ, ಕಿಟಕಿಯಿಂದ ಬಗ್ಗಿ ನೋಡಿದ್ದರು. ಹುಲ್ಲು, ಹುಲ್ಲಿನಡಿ ಮೋರಿ. "ಫೋರ್ ಅಂತ ಹಾಕಿ. ಡೋಂಟ್ ಕಟ್. ಎರಡನೇ ಸುತ್ತಿಗೆ ಕಲ್ಲು ಏಳುತ್ತೆ ನೋಡ್ತಿರಿ" ಅಂದರು.

ಹುಡುಗನಿಗೆ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹೇಳಿದೆ. "ಅಣ್ಣಾ, ಬರೀ ಹುಲ್ಲು, ಏನಾಗಲ್ಲ" ಅಂದ. ಪಕ್ಕದಲ್ಲಿ ಕೂತು ನೋಟ್ಸ್ ಓದಿ ಹೇಳುವ ನನ್ನಂಥ ಕೋ-ಡ್ರೈವರ್ ಸಲಹೆ ಕೊಡಬಹುದು, ಆದರೆ ನೋಟ್ಸ್ ಡ್ರೈವರದ್ದೇ. ತಾನು ನಂಬದ ಸಾಲನ್ನು ಅವನು ಹೇಗೂ ಪಾಲಿಸುವುದಿಲ್ಲ. ರ‍್ಯಾಲಿಯ ದಿನ ಬೆಳಗಿನ ಸುತ್ತಿನಲ್ಲಿ ನಿಜವಾಗಿಯೂ ಏನೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಂದಿನ ಕಾರುಗಳೆಲ್ಲ ಅಲ್ಲೇ ಕಟ್ ಮಾಡಿ ಮಣ್ಣು ಕೆರೆದು ಹಾಕಿದ್ದವು. ಕಲ್ಲು ಗೇಣುದ್ದ ಮೇಲೆ ಬಂದಿತ್ತು. ರಿಮ್ ಸೀಳಿತು.

ಡ್ರೈವರ್ ಪಕ್ಕದ ನನ್ನ ಸೀಟಿನಿಂದ ಕಾಣುವ ಅನುಭವ ಇದೇ. ರೆಕ್ಕಿಯ ದಿನ ರಸ್ತೆ ಎಲ್ಲರಿಗೂ ಒಂದೇ ಥರ ಕಾಣುತ್ತದೆ. ಇಪ್ಪತ್ತು ಮೂವತ್ತು ಕಾರು ಹೋದ ಮೇಲೆ ಅದು ಏನಾಗಿರುತ್ತದೆ ಅನ್ನುವುದನ್ನು ಹಳಬರು ಮೊದಲೇ ಬರೆಸಿಬಿಡುತ್ತಾರೆ. ಸಿಲ್ವರ್ ಮರದ ನೆರಳಲ್ಲಿ ಹನ್ನೊಂದು ಗಂಟೆಗೂ ತೇವ ಆರದ ಜಾಗ, ಗಾಳಿಯಿಲ್ಲದ ತಗ್ಗಿನಲ್ಲಿ ಮುಂದಿನ ಕಾರಿನ ಧೂಳು ನಿಂತೇ ಇರುವ ಜಾಗ, ಇವೆಲ್ಲ ಅವರ ಪುಸ್ತಕದಲ್ಲಿ ಇರುತ್ತವೆ.

ಓದುವ ರೀತಿಯೂ ಬದಲಾಗುತ್ತದೆ. ಹೊಸಬರಿಗೆ ನಾನು ಒಂದೊಂದೇ ತಿರುವು ಹೇಳಬೇಕು, ಎರಡು ಹೇಳಿದರೆ ಮೊದಲನೆಯದು ಮರೆತುಹೋಗುತ್ತದೆ. ಪಳಗಿದವರು ಮುಂದಿನ ಎರಡು ಮೂರು ತಿರುವುಗಳನ್ನು ತಲೆಯಲ್ಲಿ ಇಟ್ಟುಕೊಂಡೇ ಈಗಿನದಕ್ಕೆ ಬ್ರೇಕ್ ಹಾಕುತ್ತಾರೆ. ಕಾರು ಹಿಡಿಯುವುದಕ್ಕೆ ಅವರ ಗಮನ ಅಷ್ಟು ಖರ್ಚಾಗುವುದಿಲ್ಲ, ಅದಕ್ಕೇ ಕೇಳಲು ಕಿವಿ ಉಳಿದಿರುತ್ತದೆ. ಕಿಲೋಮೀಟರಿಗೆ ಒಂದು ಸೆಕೆಂಡ್ ಉಳಿಸಿದರೂ 15 ಕಿಲೋಮೀಟರ್ ಸ್ಟೇಜಿನಲ್ಲಿ 15 ಸೆಕೆಂಡ್ ಆಯಿತು.

ಹಾಗಂತ ಅನುಭವಕ್ಕೂ ವಯಸ್ಸಿಗೂ ಗಂಟು ಹಾಕಬೇಡಿ. 2022ನ್ನೇ ನೋಡಿ. ಜನವರಿಯಲ್ಲಿ ಮಾಂಟೆ ಕಾರ್ಲೋ ರ‍್ಯಾಲಿಯನ್ನು 47ರ ಸೆಬಾಸ್ಟಿಯನ್ ಲೋಬ್ ಗೆದ್ದರು. ಪಕ್ಕದಲ್ಲಿ ಕೂತಿದ್ದವರು ಇಸಾಬೆಲ್ ಗಾಲ್ಮಿಶ್, ವೃತ್ತಿಯಲ್ಲಿ ಶಾಲಾ ಶಿಕ್ಷಕಿ (ಇದನ್ನು ಹೇಳುವಾಗ ಕೋ-ಡ್ರೈವರ್ ಆದ ನನಗೆ ಸ್ವಲ್ಪ ಹೆಮ್ಮೆ). ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾಲ್ಲೆ ರೋವನ್‌ಪೆರಾ 22 ವರ್ಷ ತುಂಬಿದ ಮರುದಿನ ನ್ಯೂಜಿಲೆಂಡಿನಲ್ಲಿ ವಿಶ್ವ ಚಾಂಪಿಯನ್ ಆದರು. ಚಿಕ್ಕ ಹುಡುಗ ಅನ್ನಿಸಬಹುದು. ಆದರೆ ರ‍್ಯಾಲಿ ಡ್ರೈವರ್ ಹ್ಯಾರಿ ರೋವನ್‌ಪೆರಾ ಅವರ ಮಗ, ಎಂಟರ ವಯಸ್ಸಿಗೇ ಕಾರು ಓಡಿಸುತ್ತಿದ್ದವನು. ಲ್ಯಾಟ್ವಿಯಾದ ರ‍್ಯಾಲಿಗಳಲ್ಲಿ ಸ್ಪರ್ಧಿಸುವಾಗ ಲೈಸೆನ್ಸ್ ವಯಸ್ಸು ಆಗಿರಲಿಲ್ಲ, ಸ್ಟೇಜುಗಳ ನಡುವಿನ ಸಾರ್ವಜನಿಕ ರಸ್ತೆಯಲ್ಲಿ ಕೋ-ಡ್ರೈವರ್ ಓಡಿಸಬೇಕಿತ್ತು. ಅವನ ಅನುಭವವನ್ನು ಎಣಿಸಬೇಕಾದ್ದು ಅಲ್ಲಿಂದ.

ಲೋಬ್ ಅದೇ ವರ್ಷ ಪೋರ್ಚುಗಲ್ಲಿನಲ್ಲಿ ಗೋಡೆಗೆ ಗುದ್ದಿ ಹೊರಬಿದ್ದರು, ಅದೂ ನೆನಪಿರಲಿ.

ನಮ್ಮವರಲ್ಲಿ ಗೌರವ್ ಗಿಲ್ 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದವರು. ಆ ಸರಣಿ ನಮ್ಮೂರ ತೋಟಗಳಿಗೂ ಬಂದಿತ್ತು. ನಮ್ಮ ಹುಡುಗರ ನಿಜವಾದ ತೊಂದರೆ ಓಡಿಸುವ ಕಿಲೋಮೀಟರ್ ಕಡಿಮೆ ಅನ್ನುವುದು. ವರ್ಷಕ್ಕೆ ಕೈಬೆರಳೆಣಿಕೆಯಷ್ಟು ರ‍್ಯಾಲಿ, ಟೆಸ್ಟಿಂಗಿಗೆ ದುಡ್ಡಿಲ್ಲ. ಅದಕ್ಕೆ ನಾನು ಹೇಳುವುದು ಒಂದೇ: ರ‍್ಯಾಲಿ ಮುಗಿದ ರಾತ್ರಿ ಮಲಗುವ ಮುಂಚೆ ಇನ್‌ಕಾರ್ ವಿಡಿಯೊ ಹಾಕಿಕೊಂಡು, ನೋಟ್ಸ್ ಪುಸ್ತಕದಲ್ಲಿ ತಪ್ಪಿದ್ದಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಎಲ್ಲಿ ಸುಮ್ಮನೆ ಕಾಲೆತ್ತಿದೆ, ಎಲ್ಲಿ ಎತ್ತದೆ ಬದುಕಿದೆ, ಎರಡನ್ನೂ.

ಆ ಹುಡುಗ ಹಾಕಿದ್ದಾನೆ. ಮೋರಿಯ ಸಾಲಿನಲ್ಲಿ ಐದನ್ನು ಹೊಡೆದು ನಾಲ್ಕು ಬರೆದಿದ್ದಾನೆ, ಪಕ್ಕದಲ್ಲಿ ರಿಮ್ಮಿನ ರೇಟು.